ಡೆಲೋರಿಸ್ ವಾವ್ರಾಳ ಅಳತೆ

ಡೆಲೋರಿಸ್ ವಾವ್ರಾ ಯಾರನ್ನೂ ನಂಬುವವಳಲ್ಲ. ಇದು ನಾನು ಬೆನ್ನ ಹಿಂದೆ ಆಡುವ ಮಾತಲ್ಲ. ನೆಬ್ರಾಸ್ಕದ ನಮ್ಮ ಹ್ರಾಡೆಕ್ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಅವಳನ್ನೇ ಕೇಳಿದರೆ ಇನ್ನೂ ಗಟ್ಟಿಯಾಗಿ ಹೇಳುತ್ತಾಳೆ. ಅಂಗಡಿಯಲ್ಲಿ ಮೊಟ್ಟೆ ಕೊಂಡರೆ ಡಬ್ಬಿ ತೆರೆದು ಹನ್ನೆರಡನ್ನೂ ಒಂದೊಂದಾಗಿ ತಿರುಗಿಸಿ ನೋಡುತ್ತಾಳೆ. ರೇಡಿಯೊದವನು ಮಳೆ ಎಂದರೆ ಅಂಗಳಕ್ಕೆ ಹೋಗಿ ಆಕಾಶವನ್ನೇ ವಿಚಾರಿಸುತ್ತಾಳೆ. ಗಂಡ ತೀರಿಕೊಂಡ ದಿನ ಇನ್ನೊಬ್ಬ ಡಾಕ್ಟರನ್ನು ಕರೆಸಿ ಕೇಳಿದಳು ಎಂದು ಊರವರು ನಗುತ್ತಾರೆ. ಅದು ಸುಳ್ಳು, ನಾನು ಅಲ್ಲೇ ಇದ್ದೆ. ಕೇಳಬೇಕೆಂದುಕೊಂಡಳು, ಆದರೆ ಕೇಳಲಿಲ್ಲ.

ಇಂಥವಳಿಗೆ ಸರಿಹೊಂದುವ ಕೆಲಸ ಲೋಕದಲ್ಲಿ ಒಂದೇ ಒಂದಿತ್ತು, ಅದು ಅವಳಿಗೇ ಸಿಕ್ಕಿತು. ಇಪ್ಪತ್ತೆರಡು ವರ್ಷದಿಂದ ನಮ್ಮ ಶಾಲೆಯ ಮೈದಾನದಲ್ಲಿ ಗುಂಡು ಎಸೆತದ ಅಳತೆ ಅವಳದು. ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಗುಂಡು ಬಿದ್ದು ಮಣ್ಣು ಕುಳಿಯಾದ ಕಡೆ ನಾನು ಬಗ್ಗಿ ಸೊನ್ನೆಯ ತುದಿಯನ್ನು ಒತ್ತಿ ಹಿಡಿಯುತ್ತೇನೆ. ಅವಳು ಎಸೆಯುವ ವೃತ್ತದ ಬಳಿ ನಿಂತು ಟೇಪನ್ನು ತಂತಿಯ ಹಾಗೆ ಬಿಗಿದು ಓದುತ್ತಾಳೆ. ಅಳತೆ ಎರಡು ಗೆರೆಗಳ ನಡುವೆ ಬಿದ್ದರೆ ಕೆಳಗಿನ ಕಾಲಂಗುಲವನ್ನೇ ಹೇಳಬೇಕೆಂಬುದು ನಿಯಮ. ಬೇರೆ ಊರುಗಳಲ್ಲಿ ಮಕ್ಕಳ ಮುಖ ನೋಡಿ ಕೆಲವರು ಮೇಲಿನ ಗೆರೆಗೆ ಜಾರುತ್ತಾರೆ. ಡೆಲೋರಿಸ್ ಮುಖ ನೋಡುವುದಿಲ್ಲ, ಗೆರೆ ನೋಡುತ್ತಾಳೆ.

ಹೋದ ವರ್ಷದ ವಸಂತದಲ್ಲಿ ಅವಳ ಮೊಮ್ಮಗಳು ಬ್ರಿನ್ ಎಸೆದ ಗುಂಡು ಮೂವತ್ತೊಂಬತ್ತು ಅಡಿ ಹನ್ನೊಂದೂ ಮುಕ್ಕಾಲು ಅಂಗುಲಕ್ಕೆ ಬಂತು. ಗೆರೆ ದಾಟಿ ಇನ್ನೂ ಕೂದಲೆಳೆಯಷ್ಟು ಆಚೆಗೇ ಇತ್ತು. ನಲವತ್ತು ಅಡಿ ಎಂದರೆ ನಮ್ಮ ಶಾಲೆಯ ಹುಡುಗಿಯರಿಗೆ ಅದೊಂದು ಬಾಗಿಲು. ಊರೇ ಉಸಿರು ಹಿಡಿದು ನಿಂತಿತ್ತು. ಡೆಲೋರಿಸ್ ಮೂರು ಸಲ ಓದಿ, ಮೂರು ಸಲವೂ ಅದನ್ನೇ ಕೂಗಿದಳು. ಬ್ರಿನ್ ಎರಡು ವಾರ ಅಜ್ಜಿಯ ಜೊತೆ ಮಾತು ಬಿಟ್ಟಳು. ಒಂದೇ ಮನೆಯಲ್ಲಿದ್ದುಕೊಂಡು ಮಾತು ಬಿಡುವುದೆಂದರೆ ಸುಲಭವಲ್ಲ. ಬ್ರಿನ್‌ಳ ತಾಯಿ ಬೇರೆಯಾಗಿ ಒಮಾಹಾ ನಗರಕ್ಕೆ ಹೋದಮೇಲೆ ಅಜ್ಜಿ, ಮಗ ವೇಡ್, ಮೊಮ್ಮಗಳು, ಈ ಮೂವರೇ ಆ ಮನೆಗೆ.

ವೇಡ್ ಮನೆಮನೆಗೆ ಗ್ಯಾಸ್ ತುಂಬುವ ಲಾರಿ ಓಡಿಸುತ್ತಾನೆ. ಹುಡುಗನಾಗಿದ್ದಾಗ ಅವನೂ ಗುಂಡು ಎಸೆದವನೇ, ಬ್ರಿನ್‌ಗಿಂತ ಚೆನ್ನಾಗಿ ಎಸೆದವನು. ಚೆನ್ನಾಗಿ ಆಡುವ ಮಕ್ಕಳನ್ನು ನಮ್ಮಲ್ಲಿ ಕಾಲೇಜಿನವರು ಓದಿನ ಖರ್ಚಿಗೆ ನೆರವು ಕೊಟ್ಟು ತಂಡಕ್ಕೆ ಕರೆಯುತ್ತಾರೆ, ಅವನನ್ನು ಯಾವ ಕಾಲೇಜಿನವರೂ ಕರೆಯಲಿಲ್ಲ. ಕಾಲೇಜಿನವರು ತಾವಾಗಿಯೇ ಬಂದು ಕರೆಯುತ್ತಾರೆಂದು ಇಡೀ ವರ್ಷ ಕಾದು, ಕೊನೆಗೆ ಲಾರಿ ಹತ್ತಿದ. ಆ ಕಾಯುವಿಕೆಯ ಉರಿ ಅವನಲ್ಲಿ ಇನ್ನೂ ಆರಿರಲಿಲ್ಲ. ಹಾಗಾಗಿ ಈ ಸಲದ ಚಳಿಗಾಲದಲ್ಲಿ ದುಡ್ಡು ಪಡೆದು ಇಂಥ ಮಕ್ಕಳನ್ನು ಕಾಲೇಜುಗಳಿಗೆ ಪರಿಚಯಿಸುವ ಕಂಪನಿಯೊಂದರ ಟ್ರೆಂಟ್ ಎಂಬ ಮನುಷ್ಯ ಕಂಪ್ಯೂಟರಿನ ಪರದೆಯೊಳಗೆ ಕಾಣಿಸಿಕೊಂಡು, "ನಿಮ್ಮ ಮಗಳನ್ನ ನಾವು ಕಾಲೇಜು ಕೋಚುಗಳ ಕಣ್ಣಿಗೆ ಬೀಳಿಸ್ತೀವಿ" ಎಂದಾಗ ವೇಡ್ ಕುರ್ಚಿಯ ತುದಿಗೆ ಬಂದು ಕೂತ.

ನಾನು ಆ ದಿನ ಅವರ ಅಡುಗೆಮನೆಯಲ್ಲಿದ್ದೆ. ಗಸಗಸೆ ತುಂಬಿದ ಕೊಲಾಚೆ ಬನ್ನು ಒಲೆಯಿಂದ ಆಗಷ್ಟೇ ಇಳಿದಿತ್ತು. ಡೆಲೋರಿಸ್ ಪರದೆಯಲ್ಲಿ ತಾನು ಕಾಣಿಸದಂತೆ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದಳು.

"ಈ ತಿಂಗಳು ಗುಂಡು ಎಸೆಯೋರಿಗೆ ಎರಡೇ ಜಾಗ ಉಳಿದಿದೆ, ಸಾರ್," ಎಂದ ಟ್ರೆಂಟ್.

"ಎಲ್ಲಿ ಉಳಿದಿದೆ?" ಗೋಡೆಯ ಕಡೆಯಿಂದ ದನಿ ಬಂತು. "ಕಾಲೇಜಲ್ಲಾ? ನಿನ್ನ ಅಂಗಡೀಲಾ?"

ಟ್ರೆಂಟ್ ನಕ್ಕ. "ಅಜ್ಜಿಯವರು ತುಂಬಾ ಚುರುಕು."

"ನೋಡು, ನಾನು ಕಾಣಿಸ್ತಾನೇ ಇಲ್ಲ, ಆಗಲೇ ಬೆಣ್ಣೆ ಹಚ್ಚೋಕೆ ಶುರುಮಾಡ್ದ," ಎಂದು ಅವಳು ನನ್ನ ಕಡೆ ತಿರುಗಿ ಪಿಸುಗುಟ್ಟಿದಳು. ಅವಳ ಪಿಸುಮಾತು ಪಕ್ಕದ ಮನೆಗೂ ಕೇಳುತ್ತದೆ.

ಮೂರು ಸಾವಿರದ ಚಿಲ್ಲರೆ ಡಾಲರ್ ಕೇಳಿದರು. ವೇಡ್ ಮೀನು ಹಿಡಿಯುವ ದೋಣಿಯನ್ನು ಮಾರಿ ಕಟ್ಟಿದ. ಡೆಲೋರಿಸ್ ವಾರವಿಡೀ ಮುಖ ಊದಿಸಿಕೊಂಡಿದ್ದಳು.

"ಮಗೂ, ಗುಂಡು ಎಷ್ಟು ದೂರ ಬಿತ್ತು ಅನ್ನೋದು ಒಂದು ಸಂಖ್ಯೆ. ಸಂಖ್ಯೆ ಹೇಳೋಕೆ ದಲ್ಲಾಳಿ ಯಾಕೋ?"

"ಅಮ್ಮ, ನಂದೂ ಒಂದು ಸಂಖ್ಯೆ ಇತ್ತಲ್ಲ. ಅದನ್ನ ಯಾರು ನೋಡಿದ್ರು?" ವೇಡ್‌ನ ದನಿ ಏರಿತು. "ಕೋಚಿಗೆ ಹೇಗೆ ಬರೀಬೇಕು, ಯಾವಾಗ ಬರೀಬೇಕು, ಈ ಮನೇಲಿ ಯಾರಿಗೆ ಗೊತ್ತಿದೆ? ನಿಂಗೆ ಗೊತ್ತಾ? ನಮ್ಮೂರ ಡೆಂಟಿಸ್ಟ್ ಮಗಳಿಗಾದ್ರೆ ಓದ್ಕೊಂಡಿರೋ ಅವಳಪ್ಪನೇ ಎಲ್ಲ ಮಾಡ್ತಾನೆ. ನಾನು ದಿನಾ ಹನ್ನೊಂದು ಗಂಟೆ ಲಾರೀಲಿ ಇರ್ತೀನಿ."

ಅವಳು ಎದ್ದು ಪಾತ್ರೆ ತೊಳೆಯತೊಡಗಿದಳು. ಅವನು ಹೇಳಿದ್ದು ಸುಳ್ಳಲ್ಲವಲ್ಲ.

ಕಂಪನಿಯವರು ಬ್ರಿನ್‌ಳ ಫೋಟೊ, ವಿಡಿಯೊ, ಅಂಕ ಎಲ್ಲ ಸೇರಿಸಿ ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿದರು. "ಈ ವಾರ ಮೂವತ್ತೇಳು ಕೋಚುಗಳು ನೋಡಿದ್ದಾರೆ" ಎಂದು ವೇಡ್‌ನ ಫೋನಿಗೆ ಸುದ್ದಿ ಬರತೊಡಗಿತು. ಅದರ ಹಿಂದೆಯೇ ಕಾಲೇಜುಗಳಿಂದ ದಪ್ಪ ಲಕೋಟೆಗಳು. "ನಮ್ಮ ಬೇಸಿಗೆ ಶಿಬಿರಕ್ಕೆ ನೀವು ವಿಶೇಷವಾಗಿ ಆಯ್ಕೆಯಾಗಿದ್ದೀರಿ." ವೇಡ್ ಅವನ್ನೆಲ್ಲ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

ಈಗ ಒಂದು ಮಾತು ಹೇಳಬೇಕು. ನಾನು ಈ ಊರಿಗೆ ಅಂಚೆ ಹಂಚುವವನು. ಯಾರ ಮನೆಗೆ ಏನು ಬಂತೆಂದು ನಾನು ಬಾಯಿ ಬಿಡುವಂತಿಲ್ಲ. ಡೆಲೋರಿಸ್‌ಗೆ ಅದು ಗೊತ್ತು. ಒಂದು ದಿನ ಅಂಚೆ ಪೆಟ್ಟಿಗೆಯ ಹತ್ತಿರ ಕಾದು ನಿಂತಿದ್ದಳು.

"ಆರ್ಲೆನ್, ಈ ಲಕೋಟೆ ಇನ್ನೆಷ್ಟು ಮನೆಗೆ ಹೋಗಿದೆ?"

"ಅದು ನಾನು ಹೇಳೋ ಹಾಗಿಲ್ಲ, ತಾಯಿ."

"ಹೇಳಬೇಡ. ಸುಮ್ನೆ ನನ್ನ ಮುಖ ನೋಡು. ಸೊಬೋಟ್ಕಾ ಮನೆಗೆ ಹೋಯ್ತಾ?"

ನಾನು ಗಾಡಿಯ ಕನ್ನಡಿ ಒರೆಸತೊಡಗಿದೆ.

"ಆ ಕೊಳಲು ಊದೋ ಹುಡುಗಿ ಮನೆಗೂ ಹೋಯ್ತಾ? ಅವಳು ಆಟದ ಮೈದಾನಕ್ಕೇ ಬರಲ್ವಲ್ಲೋ!"

ನಾನು ಕನ್ನಡಿಯನ್ನು ಇನ್ನೂ ಜೋರಾಗಿ ಒರೆಸಿದೆ. ಅವಳಿಗೆ ಅಷ್ಟು ಸಾಕಾಯಿತು. "ವಿಶೇಷವಾಗಿ ಆಯ್ಕೆಯಂತೆ!" ಎನ್ನುತ್ತ ಒಳಗೆ ಹೋದಳು.

ಮೇ ತಿಂಗಳಲ್ಲಿ ಬ್ರಿನ್ ನಿಜವಾಗಿಯೂ ಚೆನ್ನಾಗಿ ಎಸೆದಳು. ಎದುರಾಳಿ ಶಾಲೆಯ ಮೈದಾನದಲ್ಲಿ ನಲವತ್ತು ಅಡಿ ಒಂಬತ್ತೂಕಾಲು ಅಂಗುಲ, ಅದೂ ಬೇರೆಯವರ ಟೇಪಿನಲ್ಲಿ. ಡೆಲೋರಿಸ್ ಅಂದು ರಾತ್ರಿ ಊಟಕ್ಕೆ ಹಂದಿ ಮಾಂಸ ಹುರಿದಳು, ಮೊಮ್ಮಗಳ ತಲೆ ಸವರಿದಳು. ಜೂನ್ ಮೊದಲ ವಾರದಲ್ಲಿ ಪಕ್ಕದ ರಾಜ್ಯ ದಕ್ಷಿಣ ಡಕೋಟದ ಒಂದು ಸಣ್ಣ ಕಾಲೇಜಿನ ಕೋಚ್, ಥೋರ್ಸನ್ ಎಂಬ ಹೆಂಗಸು, ಭಾನುವಾರ ಮಧ್ಯಾಹ್ನ ಎರಡಕ್ಕೆ ಫೋನ್ ಮಾಡುವುದಾಗಿ ಬ್ರಿನ್‌ಗೆ ಬರೆದಳು. ಲಕೋಟೆಯಲ್ಲ, ಶಿಬಿರವಲ್ಲ, ಹೆಸರು ಹಿಡಿದು ಬರೆದ ನಾಲ್ಕು ಸಾಲು.

"ನೋಡಿದ್ಯಾ ಅಮ್ಮ, ದುಡ್ಡು ಕೊಟ್ಟಿದ್ದು ದಂಡ ಆಗಲಿಲ್ಲ!" ವೇಡ್ ಕುಣಿದ.

ಡೆಲೋರಿಸ್ ಕನ್ನಡಕ ಹಾಕಿಕೊಂಡಳು. "ಆ ಪುಟ ತೆಗಿ. ಅವಳು ಏನು ನೋಡಿ ಮೆಚ್ಚಿದಳು ಅಂತ ನಾನೂ ನೋಡ್ಬೇಕು."

ಪುಟ ತೆರೆಯಿತು. ಫೋಟೊದ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಅತ್ಯುತ್ತಮ ಎಸೆತ, ನಲವತ್ತೆರಡು ಅಡಿ ಆರು ಅಂಗುಲ.

ಅಡುಗೆಮನೆಯಲ್ಲಿ ಅವರ ಹಿಂದೆ ನಿಂತು ನಾನೂ ಓದಿದೆ. ಡೆಲೋರಿಸ್ ಮೊದಲು ಪರದೆ ನೋಡಿದಳು, ಆಮೇಲೆ ಮಗನನ್ನು, ಕೊನೆಗೆ ಮೊಮ್ಮಗಳನ್ನು. ಟೇಪು ಓದುವಾಗಿನ ಅದೇ ಕಣ್ಣು.

"ಇದು ಯಾರ ಸುಳ್ಳು?"

"ಸುಳ್ಳಲ್ಲ ಅಮ್ಮ," ಎಂದ ವೇಡ್. "ಮಾರ್ಚಲ್ಲಿ ನಮ್ಮ ಹಿಂದಿನ ಹುಲ್ಲುಗಾವಲಲ್ಲಿ ಎಸೆದಿದ್ದು. ನಾನೇ ಅಳೆದೆ. ಟೇಪೂ ನಿಂದೇ. ಅಭ್ಯಾಸದ ಅಳತೆ ಆದ್ರೂ ಪರವಾಗಿಲ್ಲ, ಹಾಕೋಣ ಅಂದ ಟ್ರೆಂಟ್."

"ಹುಲ್ಲುಗಾವಲಲ್ಲಿ ನಲವತ್ತೆರಡೂವರೆ ಎಸೆಯೋಳು ಮೈದಾನದಲ್ಲಿ ಯಾಕೋ ನಲವತ್ತು ಎಸೀತಾಳೆ? ದನಗಳು ಚಪ್ಪಾಳೆ ತಟ್ಟಿದ್ವಾ?"

"ನನ್ನ ಮೇಲೂ ಅನುಮಾನನಾ?" ವೇಡ್‌ನ ಮುಖ ಕೆಂಪಾಯಿತು. "ನಿನ್ನ ಹೆಸರಿಗೆ ಮಸಿ ಬೀಳುತ್ತೆ ಅನ್ನೋ ಚಿಂತೆ ನಿಂಗೆ. ಅವಳ ಚಿಂತೆ ಅಲ್ಲ."

ಆ ಮಾತು ಅವಳಿಗೆ ನಾಟಿತು. ಗೂಟದಿಂದ ಟೋಪಿ ತೆಗೆದುಕೊಂಡಳು. "ಆರ್ಲೆನ್, ನಿನ್ನ ಗಾಡೀಲಿ ನೂಲಿನ ಉಂಡೆ ಇದೆಯಾ? ರಸಮಟ್ಟ?"

ಅಂಗಳದ ಗೋಡೆ ಕಟ್ಟುವಾಗ ನೂಲಿಗೆ ನೇತುಹಾಕಿ ಮಟ್ಟ ನೋಡುವ ಪುಟ್ಟ ರಸಮಟ್ಟ ನನ್ನ ಪೆಟ್ಟಿಗೆಯಲ್ಲಿತ್ತು. ಎಲ್ಲರೂ ಹಿತ್ತಿಲಿಗೆ ನಡೆದೆವು. ಹಸುಗಳು ತಲೆಯೆತ್ತಿ ನೋಡಿದವು. ವೇಡ್ ಸುಣ್ಣದಲ್ಲಿ ಎಳೆದ ವೃತ್ತ ಇನ್ನೂ ಮಾಸಿರಲಿಲ್ಲ. ಅಲ್ಲೊಂದು ಗೂಟ ಹೊಡೆದು ನೂಲು ಕಟ್ಟಿ, ನೂಲಿಗೆ ರಸಮಟ್ಟ ನೇತುಹಾಕಿ, ತೊರೆಯ ಕಡೆಗೆ ನಲವತ್ತೆರಡು ಅಡಿ ಎಳೆದೆವು. ಬಣ್ಣದ ನೀರಿನ ಗುಳ್ಳೆ ನಡುವೆ ನಿಲ್ಲುವ ತನಕ ನಾನು ನನ್ನ ತುದಿಯನ್ನು ಮೇಲೆತ್ತುತ್ತಾ ಹೋದೆ. ಮೊಣಕಾಲಿನ ತನಕ ಎತ್ತಬೇಕಾಯಿತು.

ಡೆಲೋರಿಸ್ ನೂಲಿನಿಂದ ಹುಲ್ಲಿನ ತನಕ ಅಳೆದಳು. "ಒಂದು ಅಡಿ ಏಳು ಅಂಗುಲ."

ನಮ್ಮ ನೆಬ್ರಾಸ್ಕದವರ ಪಾಡೇ ಇದು. ಹುಟ್ಟಿದಂದಿನಿಂದ ಕಣ್ಣು ಹಾಯಿಸಿದಷ್ಟೂ ಬಯಲು ನೋಡಿದವರು ನಾವು. ನೆಲವೆಂದರೆ ಮಟ್ಟವಾಗಿಯೇ ಇರುತ್ತದೆಂದು ನಂಬಿದವರು. ಅಪ್ಪ ಅಜ್ಜ ದನ ಮೇಯಿಸಿದ ಜಾಗ ತೊರೆಯ ಕಡೆಗೆ ಇಳಿದಿದೆಯೆಂದು ವೇಡ್‌ಗೆ ಒಂದು ದಿನವೂ ಅನ್ನಿಸಿರಲಿಲ್ಲ. ಗುಡ್ಡದ ಊರಿನವನಾಗಿದ್ದರೆ ಮೊದಲು ಅದನ್ನೇ ನೋಡುತ್ತಿದ್ದ. ನೆಲ ಕೆಳಗಿಳಿದಷ್ಟೂ ಗುಂಡು ಗಾಳಿಯಲ್ಲಿ ಮುಂದೆ ಹೋಗುತ್ತದೆ. ಆ ಎಸೆತವನ್ನು ಮಟ್ಟದ ನೆಲಕ್ಕೆ ತಂದರೆ ನಲವತ್ತೂವರೆ ಚಿಲ್ಲರೆ, ಅಷ್ಟೆ.

"ನಾನು ಬೇಕಂತ ಮಾಡಲಿಲ್ಲ," ಎಂದ ವೇಡ್, ಹುಲ್ಲನ್ನು ನೋಡುತ್ತ.

"ಗೊತ್ತಾಯ್ತು," ಎಂದಳು ಡೆಲೋರಿಸ್. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಕ್ಷಮಾಪಣೆಯನ್ನು ನಾನು ಕೇಳಿಲ್ಲ. "ಈಗ ಆ ಟ್ರೆಂಟ್‌ಗೆ ಹೇಳಿ ತೆಗೆಸು."

ವೇಡ್ ಅಲ್ಲೇ ನಿಂತು ಫೋನ್ ಮಾಡಿದ. ಟ್ರೆಂಟ್‌ನ ದನಿ ಹುಲ್ಲುಗಾವಲಿನಲ್ಲಿ ಹರಡಿತು.

"ಸಾರ್, ಯೋಚನೆ ಮಾಡಿ. ಎಲ್ಲರ ಪುಟದಲ್ಲೂ ಒಂದೆರಡು ಅಡಿ ಜಾಸ್ತಿನೇ ಇರುತ್ತೆ. ಕೋಚುಗಳಿಗೂ ಅದು ಗೊತ್ತು, ಅವರೇ ಮನಸ್ಸಲ್ಲಿ ಕಡಿಮೆ ಮಾಡ್ಕೊಂಡು ಓದ್ತಾರೆ. ನೀವು ನಲವತ್ತು ಅಡಿ ಒಂಬತ್ತು ಅಂಗುಲ ಅಂತ ಹಾಕಿದ್ರೆ ಅವರು ಮೂವತ್ತೊಂಬತ್ತು ಅಡಿ ಅಂತ ಓದ್ತಾರೆ. ನಿಮ್ಮ ಮಗಳಿಗೇ ನಷ್ಟ. ಭಾನುವಾರ ಫೋನ್ ಬರೋದಿದೆಯಲ್ವಾ? ಅದು ಮುಗೀಲಿ."

ವೇಡ್ ಫೋನ್ ಕೆಳಗಿಳಿಸಿದ. ಅವನ ಮುಖ ನೋಡಿದರೆ ತಿಳಿಯುತ್ತಿತ್ತು, ಮಾತು ಒಳಗೆ ಇಳಿದಿದೆ. "ಅವನು ಹೇಳೋದ್ರಲ್ಲೂ..." ಎಂದು ಶುರುಮಾಡಿ ನಿಲ್ಲಿಸಿದ. ಎಲ್ಲರೂ ಸುಳ್ಳು ಬರೆಯುವ ಕಡೆ ನಿಜ ಬರೆದವಳು ಹಿಂದೆ ಬೀಳುತ್ತಾಳಲ್ಲ ಎಂಬ ಭಯ. ಬ್ರಿನ್ ಮನೆಯ ಕಡೆ ನಡೆದಳು.

ಭಾನುವಾರ ಚರ್ಚು ಮುಗಿದಮೇಲೆ ನನ್ನನ್ನೂ ಊಟಕ್ಕೆ ಕರೆದಿದ್ದರು. ಎರಡಕ್ಕೆ ಹತ್ತು ನಿಮಿಷ ಇದ್ದಾಗ ಡೆಲೋರಿಸ್ ನನ್ನನ್ನು ಹಿಂದಿನ ಮೆಟ್ಟಿಲಿಗೆ ಕರೆದಳು.

"ನಾನು ಬಾಯಿ ತೆಗೆಯಲ್ಲ ಆರ್ಲೆನ್. ಅವಳ ಬಾಯಿ, ಅವಳ ಹೆಸರು. ಆದ್ರೆ ನೋಡು..." ಕೈಯೊರೆಸುವ ಬಟ್ಟೆಯನ್ನು ಹಿಂಡಿದಳು. "ಆ ಮಗು ನಲವತ್ತೆರಡೂವರೆ ಅಂತಾಳೆ ಅಂತ ನಂಗೆ ಅನುಮಾನ ಕಣಯ್ಯ. ಹೋದ ವರ್ಷ ಕಾಲಂಗುಲಕ್ಕೆ ನಾನೇ ಅವಳನ್ನ ಅಳಿಸಿದೀನಿ. ಈ ಸಲ ಯಾಕೆ ಬಿಟ್ಟುಕೊಡ್ತಾಳೆ? ನಮ್ಮನೆ ಹುಡುಗಿ ಮೇಲೆ ಹೀಗೆ ಅನ್ನಿಸುತ್ತಲ್ಲ, ನಾನೆಂಥ ಹೆಂಗಸು?"

"ಫೋನ್ ಬರಲಿ ಬಾ," ಎಂದೆ.

ಫೋನನ್ನು ಮೇಜಿನ ನಡುವೆ ಎಲ್ಲರಿಗೂ ಕೇಳಿಸುವಂತೆ ಇಟ್ಟಿದ್ದರು. ಕೋಚ್ ಥೋರ್ಸನ್‌ಳ ದನಿ ಒಣಗಿದ ಹುಲ್ಲಿನ ಹಾಗಿತ್ತು. ಓದು ಹೇಗಿದೆ, ಮೊಣಕೈ ನೋವಿದೆಯೇ, ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತೀಯ ಎಂದೆಲ್ಲ ಕೇಳಿದಳು. ಆಮೇಲೆ ಕೇಳಿದಳು, "ನಿನ್ನ ಅತಿ ಉದ್ದದ ಎಸೆತ ಎಷ್ಟು?"

ಅಷ್ಟು ಕೇಳಿ ಕೋಚ್ ಸುಮ್ಮನಾದಳು. ವೇಡ್ ಮೇಜಿನ ಅಂಚನ್ನು ಹಿಡಿದಿದ್ದ. ಡೆಲೋರಿಸ್ ಮೊಮ್ಮಗಳನ್ನು ನೋಡಲಾರದೆ ಕಿಟಕಿಯ ಕಡೆ ತಿರುಗಿಕೊಂಡಳು.

"ನಲವತ್ತು ಅಡಿ ಒಂಬತ್ತೂಕಾಲು," ಎಂದಳು ಬ್ರಿನ್. "ಆ ಪುಟದಲ್ಲಿ ಬೇರೆ ಇದೆ, ಮೇಡಂ. ಅದು ತಪ್ಪು. ನಮ್ಮ ಹುಲ್ಲುಗಾವಲು ಇಳಿಜಾರು ಅಂತ ನಮಗೆ ಗೊತ್ತಿರಲಿಲ್ಲ."

"ಎಷ್ಟು ಇಳಿಜಾರು?"

"ಒಂದು ಅಡಿ ಏಳು ಅಂಗುಲ. ಅಜ್ಜಿ ರಸಮಟ್ಟ ಇಟ್ಟು ನೋಡಿದ್ರು."

ಆ ಕಡೆಯಿಂದ ಹೊಟ್ಟೆಯಿಂದ ಬಂದ ನಗು ಕೇಳಿಸಿತು. "ರಸಮಟ್ಟ! ಹದಿನೆಂಟು ವರ್ಷದಲ್ಲಿ ಯಾರೂ ನನಗೆ ಹೀಗೆ ಹೇಳಿರಲಿಲ್ಲ. ನೋಡಮ್ಮ, ನಿನ್ನ ಅಳತೆ ನನಗೆ ಗೊತ್ತು. ಕ್ರೀಡಾಕೂಟಗಳ ಫಲಿತಾಂಶ ಎಲ್ಲಾರ ಕಣ್ಣಿಗೂ ಬೀಳೋ ಹಾಗೆ ಇರುತ್ತೆ. ಮೊದಲನೇ ಫೋನಲ್ಲಿ ಎಲ್ಲ ಹುಡುಗೀರನ್ನೂ ನಾನು ಇದನ್ನೇ ಕೇಳ್ತೀನಿ, ಕೇಳಿ ಸುಮ್ನಿರ್ತೀನಿ."

ವೇಡ್‌ಗೆ ತಡೆಯಲಾಗಲಿಲ್ಲ. "ಮೇಡಂ, ನಾನು ಅವಳಪ್ಪ. ಹಾಗಾದ್ರೆ ನೀವು ಆ ಪುಟ ನೋಡಿ ಫೋನ್ ಮಾಡಿದ್ದಲ್ವಾ?"

"ಅಲ್ಲ. ಆ ಕಂಪನಿಯಿಂದ ನಿಮ್ಮ ಮಗಳ ಹೆಸರಲ್ಲಿ ನಾಲ್ಕು ಪತ್ರ ಬಂದಿದೆ. ಎರಡರಲ್ಲಿ ನನ್ನನ್ನ ಬೇರೆ ಯಾವುದೋ ಕಾಲೇಜಿನವಳು ಅಂತ ಬರೆದಿದ್ದಾರೆ. ಮೇ ತಿಂಗಳ ಕೊನೆಯ ಕೂಟಕ್ಕೆ ನನ್ನ ಸಹಾಯಕಿ ಬಂದಿದ್ಳು. ನಿಮ್ಮ ಹುಡುಗಿ ಮೂರಕ್ಕೆ ಮೂರೂ ಎಸೆತ ಫೌಲ್ ಮಾಡಿ ಹೊರಗೆ ಬಿದ್ಳಂತೆ. ಆಮೇಲೆ ಅಳ್ತಾ ಕೂರಲಿಲ್ಲ, ಕೈಕುಂಟೆ ತಗೊಂಡು ಮುಂದಿನೋರಿಗೆ ಮಣ್ಣು ಸಮ ಮಾಡಿದ್ಳಂತೆ. ಅದಕ್ಕೆ ಮಾಡಿದೆ."

"ಅಂದ್ರೆ ದುಡ್ಡು ಕೊಟ್ಟಿದ್ದು..."

"ಯಾರಿಗೂ ಉಪಯೋಗವಿಲ್ಲ ಅಂತ ನಾನು ಹೇಳಲಾರೆ. ಯಾರ ಕಣ್ಣಿಗೂ ಬೀಳದ ಮೂಲೇಲಿರೋ ಮಕ್ಕಳಿಗೆ ಆಗಬಹುದೇನೋ. ನಿಮ್ಮ ಮಗಳೇ ಕೂತು ಒಂದು ಪತ್ರ ಬರೆದಿದ್ರೆ ನಾನು ಅವತ್ತೇ ಓದ್ತಿದ್ದೆ. ಜಾಗ ಕೊಡ್ತೀನಿ ಅಂತ ಇವತ್ತು ಹೇಳಲ್ಲ. ಇಪ್ಪತ್ತೊಂದನೇ ತಾರೀಕಿಗೆ ಕರಕೊಂಡು ಬನ್ನಿ, ನನ್ನೆದುರು ಎಸೀಲಿ."

ಕಿಟಕಿಯಿಂದ ಡೆಲೋರಿಸ್ ತಿರುಗಿದಳು. ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಎಂದಿನದೇ. "ನಿಮ್ಮ ಮೈದಾನ ಮಟ್ಟ ಇದೆಯಾ?"

"ನೀವೇ ಬಂದು ನೋಡಿ ಅಜ್ಜಿ," ಎಂದಳು ಕೋಚ್.

ಹೋದೆವು. ಆರು ಗಂಟೆಯ ದಾರಿ. ಡೆಲೋರಿಸ್ ಮೈದಾನವನ್ನು ಸುತ್ತಿ ನೋಡಿದಳು, ಕಾಲೇಜಿನ ಊಟದ ಮನೆಯ ಸೂಪನ್ನು ಮೂಸಿ ನೋಡಿದಳು, ಬೇರೆ ಹುಡುಗಿಯರನ್ನು ಪಕ್ಕಕ್ಕೆ ಕರೆದು, "ಇವಳು ಬೈತಾಳಾ? ಸೋತಾಗ ಹೇಗಿರ್ತಾಳೆ?" ಎಂದು ಕೋಚ್‌ಳ ಬಗ್ಗೆ ವಿಚಾರಿಸಿದಳು. ಬ್ರಿನ್ ಅಂದು ಆರು ಸಲ ಎಸೆದಳು. ಎಲ್ಲಕ್ಕಿಂತ ಉದ್ದದ್ದು ನಲವತ್ತು ಅಡಿ ನಾಲ್ಕು ಅಂಗುಲ. ಕೋಚ್ ಬರೆದುಕೊಂಡಳು. ಹೊರಡುವಾಗ ಬ್ರಿನ್‌ಳ ಕೈ ಕುಲುಕಿ, "ತಂಡದಲ್ಲಿ ಜಾಗ ಇದೆ. ಗುಂಡು ಎಸೆತಕ್ಕೆ ಸಿಗೋ ದುಡ್ಡಿನ ನೆರವು ಸ್ವಲ್ಪ, ನಿನ್ನ ಅಂಕ ನೋಡಿ ಸಿಗೋದು ಜಾಸ್ತಿ. ಮನೇಲಿ ಮಾತಾಡಿ," ಎಂದಳು. ವೇಡ್ ಪೂರ್ತಿ ಓದು ಉಚಿತವಾಗಿ ಬರುತ್ತದೆಂದು ಕನಸು ಕಂಡಿದ್ದ. ಕಾರು ಒಂದು ಗಂಟೆ ಓಡಿದಮೇಲೆ ಹಿಂದೆ ತಿರುಗಿ, ನಿದ್ದೆ ಹೋಗಿದ್ದ ಮಗಳನ್ನು ನೋಡಿ, "ಕರೆದ್ರಲ್ಲ," ಎಂದ. "ಹೆಸರು ಹಿಡಿದು ಕರೆದ್ರು."

ಬ್ರಿನ್ ಒಪ್ಪಿ ಬರೆದಳು. ವಾರ ಕಳೆಯುವಷ್ಟರಲ್ಲಿ ಟ್ರೆಂಟ್‌ನ ಫೋನು. ಅಭಿನಂದನೆಗಳ ಮಳೆ. ನಮ್ಮ ಮೂಲಕ ಕಾಲೇಜು ಸೇರಿದವರ ಸಾಲಿನಲ್ಲಿ ನಿಮ್ಮ ಮಗಳ ಫೋಟೊ ಹಾಕುತ್ತೇವೆ, ತಂದೆಯಾಗಿ ನೀವು ಎರಡು ಮಾತು ಹೇಳಬೇಕು, ಎಂದ. ವೇಡ್ ಲಾರಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ ಹೇಳಿದನಂತೆ. ಸಂಜೆ ಅಡುಗೆಮನೆಯಲ್ಲಿ ನಮ್ಮ ಮುಂದೆ ಅದನ್ನೇ ಮತ್ತೆ ಹೇಳಿದ.

"ಬರ್ಕೊಳ್ಳಪ್ಪ ಅಂದೆ. ನನ್ನ ಮಗಳು ನಲವತ್ತು ಅಡಿ ಒಂಬತ್ತೂಕಾಲು ಎಸೆದಿದ್ದಾಳೆ. ಕೋಚ್ ಅವಳನ್ನ ಮೈದಾನದಲ್ಲಿ ನೋಡಿ ಕರೆದರು, ನಿಮ್ಮ ಪುಟದಲ್ಲಿ ನೋಡಿ ಅಲ್ಲ. ಹೇಗೆ ಬರೀಬೇಕು ಅಂತ ನನಗೆ ಗೊತ್ತಿರಲಿಲ್ಲ, ಆ ಹೆದರಿಕೆಗೆ ದುಡ್ಡು ಕೊಟ್ಟೆ. ಇದನ್ನ ಹೀಗೇ ಹಾಕೋದಾದ್ರೆ ಫೋಟೊ ಹಾಕು, ಇಲ್ಲದಿದ್ರೆ ಅವಳ ಮುಖ ಅಲ್ಲಿ ಕಾಣಿಸಬಾರದು ಅಂದೆ."

"ಅವನೇನಂದ?" ಎಂದು ಕೇಳಿದೆ.

"ಸ್ವಲ್ಪ ಉದ್ದ ಆಯ್ತು ಸಾರ್ ಅಂದ."

ಬ್ರಿನ್ ಬಾಯಲ್ಲಿದ್ದ ಹಾಲನ್ನು ಮೇಜಿನ ತುಂಬ ಚೆಲ್ಲಿದಳು. ಡೆಲೋರಿಸ್ ನಗಲಿಲ್ಲ. ಕನ್ನಡಕದ ಮೇಲಿಂದ ಮಗನನ್ನು ದಿಟ್ಟಿಸುತ್ತಿದ್ದಳು.

"ನಿಜವಾಗ್ಲೂ ಇಷ್ಟೂ ಹೇಳಿದ್ಯಾ?"

"ಹೇಳಿದೆ ಅಮ್ಮ."

"ಆ ಮಾತೂ? ಹೆದರಿಕೆದು?"

"ಅದನ್ನೂ ಹೇಳಿದೆ. ಬೇಕಾದ್ರೆ ಅವನಿಗೇ ಫೋನ್ ಮಾಡಿ ಕೇಳು," ಎಂದು ವೇಡ್ ಫೋನನ್ನು ಅವಳ ಕಡೆ ಸರಿಸಿದ.

ಅವಳು ಫೋನಿನತ್ತ ಕೈ ಚಾಚಿದಳು. ನಾನೂ ಬ್ರಿನ್‌ಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಡೆಲೋರಿಸ್ ಫೋನನ್ನು ಎತ್ತಿ ಪಕ್ಕಕ್ಕಿಟ್ಟು, ಅದರಡಿ ಹರಿದಿದ್ದ ಹಾಲನ್ನು ಒರೆಸಿ, ಮಗನ ಲೋಟಕ್ಕೆ ಕಾಫಿ ಬಗ್ಗಿಸಿದಳು.